ಮನೆ ಸ್ಟುಡಿಯೋ: ಆಲೂರು–ಸಕಲೇಶಪುರ ಮಲೆನಾಡಿನಲ್ಲಿ ಧ್ವನಿಮುದ್ರಣ

ವಾಸದ ಮನೆಯ ಒಂದು ಕೋಣೆಯಲ್ಲಿ, ಕೈಗೆಟುಕುವ ಸಲಕರಣೆಗಳಿಂದ, ಹಾಡು ಮತ್ತು ವಾದ್ಯಗಳನ್ನು ನಾಲ್ಕು ಜನರ ಮುಂದಿಡಬಹುದಾದ ಗುಣಮಟ್ಟದಲ್ಲಿ ಧ್ವನಿಮುದ್ರಿಸುವ ವ್ಯವಸ್ಥೆಗೆ ಮನೆ ಸ್ಟುಡಿಯೋ ಎನ್ನುತ್ತಾರೆ. ಒಂದು ಲ್ಯಾಪ್‌ಟಾಪ್, ಎರಡು ಚಾನೆಲ್‌ನ ಆಡಿಯೋ ಇಂಟರ್ಫೇಸ್, ಒಂದೆರಡು ಮೈಕ್, ಸ್ಟ್ಯಾಂಡ್, ಹೆಡ್‌ಫೋನ್ ಇದ್ದರೆ ಕೆಲಸ ಶುರುವಾಗುತ್ತದೆ. ಈ ಸಲಕರಣೆ ಬೆಂಗಳೂರಿನ ಫ್ಲ್ಯಾಟಿನಲ್ಲೂ ಹಾಸನ ಜಿಲ್ಲೆಯ ಆಲೂರಿನ ತೋಟದ ಮನೆಯಲ್ಲೂ ಒಂದೇ. ಬೇರೆಯಾಗುವುದು ಕೋಣೆ, ಕಾಲ ಮತ್ತು ಹವೆ. ಬಯಲುಸೀಮೆ ಮುಗಿದು ಗುಡ್ಡಗಾಡು ಮೊದಲಾಗುವ ಜಾಗದಲ್ಲಿ ಆಲೂರು ಇದೆ. ಅಲ್ಲಿಂದ ಪಶ್ಚಿಮಕ್ಕೆ, ಸುಮಾರು 950 ಮೀಟರ್ ಎತ್ತರದ ಸಕಲೇಶಪುರದ ಕಡೆಗೆ ಹೋದಷ್ಟೂ ಕಾಫಿ ತೋಟ ದಟ್ಟವಾಗುತ್ತದೆ, ಮಳೆ ಜಾಸ್ತಿಯಾಗುತ್ತದೆ. ಇಲ್ಲಿ ಮುದ್ರಣ ಹಾಳಾಗುವುದು ಮೈಕ್ ಅಗ್ಗದ್ದಾಗಿರುವುದರಿಂದ ಅಪರೂಪ. ಹೆಂಚಿನ ಮೇಲಿನ ಮಳೆ, ಗೋಡೆಯ ಮಾರ್ದನಿ, ಇನ್ವರ್ಟರಿನ ಗುಂಯ್‌ಗುಡುವಿಕೆ ಮತ್ತು ತೇವ, ಬಹುಪಾಲು ಹಾನಿ ಮಾಡುವುದು ಇವೇ. ಹಾಗಾಗಿ ಈ ಲೇಖನದಲ್ಲಿ ಯಂತ್ರಗಳಿಗಿಂತ ಕೋಣೆ ಮತ್ತು ಹೊತ್ತಿಗೆ ಹೆಚ್ಚು ಜಾಗ ಸಿಕ್ಕಿದೆ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಮನೆಯೊಳಗಿನ ಸ್ಟುಡಿಯೋ ಕಂಪ್ಯೂಟರಿನ ಜೊತೆ ಬಂದದ್ದಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ 30 ವಾಟಿನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಪ್ರಸಾರ ಆರಂಭಿಸಿದರು. ಅದಕ್ಕೆ ನಾ. ಕಸ್ತೂರಿಯವರು ಸೂಚಿಸಿದ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಅಲ್ಲಿ ನಡೆದದ್ದು ಪ್ರಸಾರವೇ ಹೊರತು ಮುದ್ರಣವಲ್ಲ, ನಿಜ. ಆದರೆ ವಾಸದ ಮನೆಯಲ್ಲಿ ಮೈಕಿನ ಮುಂದೆ ಹಾಡುಗಾರರನ್ನು ಕೂರಿಸಿದರೆ ಎದುರಾಗುವ ತೊಡಕುಗಳೆಲ್ಲ ಆ ಮನೆಗೂ ಎದುರಾದವೇ.

ಭಾರತದಲ್ಲಿ ವ್ಯಾಪಾರಿ ಧ್ವನಿಮುದ್ರಣ ಮೊದಲಾದದ್ದು 1902ರ ನವೆಂಬರಿನಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಲ್ಲಿ ಮುದ್ರಿಸಿಕೊಂಡ ಗಾಯಕಿಯರಲ್ಲಿ ಗೌಹರ್ ಜಾನ್ ಪ್ರಸಿದ್ಧರು. ಅವರ ಕೊನೆಯ ದಿನಗಳು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದವು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆಗ ಮೈಕ್ ಇರಲಿಲ್ಲ. ಗಾಯಕರು ತಗಡಿನ ತುತ್ತೂರಿಯ ಬಾಯಿಗೆ ಮುಖವೊಡ್ಡಿ ಹಾಡಬೇಕಿತ್ತು, ತಾರಸ್ಥಾಯಿ ಬಂದಾಗ ಹಿಂದೆ ಸರಿಯಬೇಕಿತ್ತು. ಅಂತರವೇ ಧ್ವನಿಮುದ್ರಣದ ಮೊದಲ ವಾಲ್ಯೂಮ್ ಗುಂಡಿ. ವಿದ್ಯುತ್ ಮೈಕಿನ ಮುದ್ರಣ 1925ರ ಸುಮಾರಿಗೆ ಬಳಕೆಗೆ ಬಂದ ಮೇಲೂ ಆ ಪಾಠ ಹಳತಾಗಿಲ್ಲ.

ಕ್ಯಾಸೆಟ್ ಬಂದಾಗ ಕನ್ನಡದ ಹಾಡಿಗೆ ಸಿನಿಮಾದ ಹೊರಗೊಂದು ಮಾರುಕಟ್ಟೆ ತೆರೆಯಿತು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಭಾವಗೀತೆಯ ಕ್ಯಾಸೆಟ್ಟುಗಳ ಸಾಲಿಗೆ ಅದೇ ಮೊದಲು. ಕನ್ನಡ ಸಿನಿಮಾ ಹಾಡುಗಳು ಬಹುಕಾಲ ಮದರಾಸಿನ ಸ್ಟುಡಿಯೋಗಳಲ್ಲೇ ಮುದ್ರಣವಾಗುತ್ತಿದ್ದವು. ಬೆಂಗಳೂರಿನಲ್ಲೇ ಅನುಕೂಲ ಇರಬೇಕೆಂದು ಶಂಕರ್‌ನಾಗ್ ಕಟ್ಟಿದ 'ಸಂಕೇತ್' ಸ್ಟುಡಿಯೋ ಈ ಪರಿಸ್ಥಿತಿಯನ್ನು ಬದಲಿಸುವ ಪ್ರಯತ್ನಗಳಲ್ಲಿ ಒಂದು. ಇತ್ತ ಹೊರದೇಶದಲ್ಲಿ 1979ರಲ್ಲಿ ಟ್ಯಾಸ್ಕಾಮ್ ಕಂಪನಿಯ 'ಪೋರ್ಟಾಸ್ಟುಡಿಯೋ' ಬಂತು. ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಪ್ರತ್ಯೇಕ ಜಾಡುಗಳನ್ನು ಮುದ್ರಿಸಬಲ್ಲ ಈ ಪೆಟ್ಟಿಗೆಯಿಂದಲೇ ಮನೆ ಸ್ಟುಡಿಯೋ ಎಂಬ ಕಲ್ಪನೆ ಗಟ್ಟಿಯಾಯಿತು. ಅಮೆರಿಕದ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ 'ನೆಬ್ರಾಸ್ಕ' ಆಲ್ಬಮ್ಮನ್ನು ಮನೆಯಲ್ಲಿ ಕೂತು ಅದರಲ್ಲೇ ಮಾಡಿದ್ದು. ಚೆನ್ನೈನಲ್ಲಿ ಎ.ಆರ್. ರೆಹಮಾನ್ 1989ರಲ್ಲಿ ಮನೆಯ ಹಿತ್ತಲಲ್ಲಿ ಕಟ್ಟಿಕೊಂಡ ಸ್ಟುಡಿಯೋದಿಂದ 1992ರ 'ರೋಜಾ' ಬಂತು. 2019ರ ಬಿಲ್ಲಿ ಐಲಿಶ್ ಆಲ್ಬಮ್ ಆಕೆಯ ಅಣ್ಣನ ಮಲಗುವ ಕೋಣೆಯಲ್ಲಿ ಆದದ್ದು ಎಂಬುದಂತೂ ಈಗ ಹುಡುಗರ ಬಾಯಲ್ಲಿ ಗಾದೆಯಂತಾಗಿದೆ. ಇಂಥ ಕಥೆಗಳು ಧೈರ್ಯ ಕೊಡುತ್ತವೆ, ಜೊತೆಗೆ ಸ್ವಲ್ಪ ದಾರಿಯನ್ನೂ ತಪ್ಪಿಸುತ್ತವೆ. 'ನೆಬ್ರಾಸ್ಕ'ದ ಕ್ಯಾಸೆಟ್ಟನ್ನು ಎಲ್‌ಪಿ ತಟ್ಟೆಗೆ ಇಳಿಸಲು ಎಂಜಿನಿಯರುಗಳು ಪಟ್ಟ ಪಾಡು ಆ ಕಥೆಯಲ್ಲಿ ಬರುವುದೇ ಇಲ್ಲ.

ಹಾಸನ ಜಿಲ್ಲೆಗೆ ಸಂಗೀತದ ಬಂಡವಾಳ ಕಡಿಮೆಯಿಲ್ಲ. ಅರಕಲಗೂಡು ತಾಲ್ಲೂಕಿನ ಕಾವೇರಿ ದಂಡೆಯ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಹೆಸರಾದದ್ದು. ಅಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಆಕಾಶವಾಣಿಯಲ್ಲಿ ದೀರ್ಘಕಾಲ ದುಡಿದವರು. ಜನಪದ ಗೀತೆಗಳನ್ನು ಊರೂರು ತಿರುಗಿ ಕೂಡಿಹಾಕಿದ ಎಸ್.ಕೆ. ಕರೀಂಖಾನ್ ಸಕಲೇಶಪುರದವರು. ಹಾಸನದಲ್ಲೇ ಆಕಾಶವಾಣಿ ಕೇಂದ್ರವಿದೆ. ಇಷ್ಟಿದ್ದರೂ ತೋಟದ ನಡುವಿನ ಒಂದು ಹಳ್ಳಿಯ ಭಜನೆ ಮೇಳಕ್ಕೋ ಸೋಬಾನೆ ಹೇಳುವ ಅಜ್ಜಿಗೋ ಪೇಟೆಯ ಸ್ಟುಡಿಯೋ ದೂರ. ಮನೆ ಸ್ಟುಡಿಯೋ ಇಲ್ಲಿ ಕೆಲಸಕ್ಕೆ ಬರುವುದು ಇಂಥವರಿಗಾಗಿ.

ಕೋಣೆ: ಹೆಂಚಿನ ಮನೆಯೋ, ಮೋಲ್ಡ್ ಮನೆಯೋ

ಈ ಭಾಗದ ಮನೆಗಳು ಮುದ್ರಣದ ದೃಷ್ಟಿಯಿಂದ ಎರಡು ಬಗೆ, ಒಂದರ ಗುಣ ಇನ್ನೊಂದರ ದೋಷ. ಮಂಗಳೂರು ಹೆಂಚಿನ ಹಳೆಯ ಮನೆಯ ಪಡಸಾಲೆಯಲ್ಲಿ ಮಾಡು ಇಳಿಜಾರಾಗಿರುತ್ತದೆ. ನೆಲಕ್ಕೂ ಮಾಡಿಗೂ ನಡುವೆ ಶಬ್ದ ಪುಟಿದಾಡಲು ಸಮಾನಾಂತರ ಮೇಲ್ಮೈ ಇಲ್ಲ. ಹೆಂಚಿನ ಸಂದುಗಳಿಂದ ತಗ್ಗು ಸ್ವರದ ಶಕ್ತಿ ಹೊರಗೆ ಸೋರಿಹೋಗುತ್ತದೆ. ಮರದ ತೊಲೆ, ಕಂಬ, ಅಟ್ಟದ ಮೇಲಿನ ಸಾಮಾನು, ಮೂಲೆಯ ಕಣಜ ಎಲ್ಲ ಸೇರಿ ಶಬ್ದವನ್ನು ಚದುರಿಸುತ್ತವೆ. ಅಲ್ಲಿ ಒಬ್ಬರು ಕೂತು ಹಾಡಿದರೆ ಏನೂ ಮಾಡದೆಯೂ ದನಿ ತುಂಬಿಕೊಂಡು ಕೇಳುತ್ತದೆ. ಆದರೆ ದನಿ ಸೋರುವ ಸಂದಿನಲ್ಲೇ ಹೊರಗಿನ ಸದ್ದೂ ಒಳಗೆ ಬರುತ್ತದೆ. ಒಂದು ಹನಿ ಮಳೆ ಬಿದ್ದರೂ ಮುದ್ರಣ ನಿಂತಂತೆ. ತಗಡಿನ ಶೀಟು ಹೊದಿಸಿದ ಮನೆಯಂತೂ ಮಳೆಗಾಲದ ಲೆಕ್ಕದಿಂದಲೇ ಹೊರಗೆ.

ಮೋಲ್ಡ್ ಹಾಕಿದ ಹೊಸ ಮನೆಯ ಕೋಣೆ ಮಳೆಯನ್ನು ತಕ್ಕಮಟ್ಟಿಗೆ ತಡೆಯುತ್ತದೆ. ದೋಷ ಅದರ ಆಕಾರದಲ್ಲಿ. ಹತ್ತು ಅಡಿಗೆ ಹತ್ತು ಅಡಿ, ಎತ್ತರವೂ ಹತ್ತಡಿ, ನುಣ್ಣನೆಯ ಗಾರೆಯ ಗೋಡೆ, ಟೈಲ್ಸ್ ನೆಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹತ್ತಡಿಯ, ಅಂದರೆ 3.05 ಮೀಟರಿನ ಎರಡು ಗೋಡೆಗಳ ನಡುವೆ 56 ಹರ್ಟ್ಸ್‌ನ ಸ್ವರ ನಿಂತುಬಿಡುತ್ತದೆ, ಅದರ ಗುಣಕಗಳಾದ 112, 168 ಹರ್ಟ್ಸ್‌ಗಳೂ ನಿಲ್ಲುತ್ತವೆ. ಉದ್ದ, ಅಗಲ, ಎತ್ತರ ಮೂರೂ ಒಂದೇ ಆದಾಗ ಮೂರು ಕಡೆಯಿಂದಲೂ ಅವೇ ಸ್ವರಗಳು ಉಬ್ಬುತ್ತವೆ. ಗಂಡು ದನಿಯ ಷಡ್ಜ ಬೀಳುವುದು ಇದೇ ಜಾಗದ ಆಸುಪಾಸಿನಲ್ಲಿ. ಕೆಲವು ಸ್ವರ ಗುಡುಗಿದಂತೆ, ಪಕ್ಕದ ಸ್ವರ ಕುಸಿದಂತೆ ಕೇಳುವುದು ಗಾಯಕರ ತಪ್ಪಿನಿಂದಲ್ಲ. ಚಪ್ಪಾಳೆ ತಟ್ಟಿ ನೋಡಿದರೆ ಕೋಣೆಯ ಇನ್ನೊಂದು ಗುಣವೂ ತಿಳಿಯುತ್ತದೆ. ತಟ್ಟಿದ ಮೇಲೆ ತಂತಿ ಮಿಡಿದಂತೆ 'ಝೀಂ' ಎಂಬ ಬಾಲ ಉಳಿದರೆ ಎದುರುಬದುರು ಗೋಡೆಗಳು ಖಾಲಿಯಿವೆ ಎಂದರ್ಥ.

ಇದಕ್ಕೆ ಮೊಟ್ಟೆಯ ಟ್ರೇ ಅಂಟಿಸುವ ಪದ್ಧತಿ ಹಳ್ಳಿಯಿಂದ ಪೇಟೆಯವರೆಗೂ ಇದೆ. ಅದರಿಂದ ಗೋಡೆ ಸ್ಟುಡಿಯೋದಂತೆ ಕಾಣುತ್ತದೆ, ಅಷ್ಟೇ. ಒಂದಿಂಚಿನ ಸ್ಪಂಜಿನ ಹಾಳೆಯೂ ಮೇಲಿನ ಸ್ವರಗಳನ್ನು ಮಾತ್ರ ನುಂಗಿ ತಗ್ಗಿನ ಗುಂಯ್ಗುಟ್ಟುವಿಕೆಯನ್ನು ಹಾಗೇ ಬಿಡುತ್ತದೆ, ಕೋಣೆ ಇನ್ನಷ್ಟು ಮಂಕಾಗುತ್ತದೆ. ಕೆಲಸ ಮಾಡುವುದು ದಪ್ಪ. ನಾಲ್ಕಿಂಚು ದಪ್ಪದ ರಾಕ್‌ವುಲ್ ಹಲಗೆಯನ್ನು ಚೌಕಟ್ಟಿಗೆ ಸೇರಿಸಿ, ಗೋಡೆಯಿಂದ ಮತ್ತೊಂದು ನಾಲ್ಕಿಂಚು ಮುಂದಕ್ಕೆ ನಿಲ್ಲಿಸಿದರೆ ತಗ್ಗು ಸ್ವರಗಳ ಮೇಲೂ ಹಿಡಿತ ಸಿಗುತ್ತದೆ. ಚೌಕಟ್ಟಿಗೆ ಬೇಕಾದ ಸಿಲ್ವರ್ ಓಕ್ ಪಟ್ಟಿ ಕಾಫಿ ಸೀಮೆಯಲ್ಲಿ ಸಲೀಸಾಗಿ ಸಿಗುವ ಮರ. ಮೇಲೆ ಹೊದಿಸಲು ಕಾಫಿ ತುಂಬುವ ಗೋಣಿಚೀಲ ಸಾಕು, ಗೋಣಿಯ ನೇಯ್ಗೆಯೊಳಗೆ ಗಾಳಿ ಸರಾಗವಾಗಿ ಹಾಯುತ್ತದೆ. ಬಾಯಿಂದ ಊದಿದರೆ ಉಸಿರು ಆಚೆ ಹೋಗದ ಬಟ್ಟೆ ಈ ಕೆಲಸಕ್ಕೆ ಬಾರದು. ರಾಕ್‌ವುಲ್ ನಾರು ಮೈಗೆ ತಾಗಿದರೆ ಕಡಿಯುತ್ತದೆ, ಗೋಣಿಯ ಕೆಳಗೆ ತೆಳು ಹತ್ತಿ ಬಟ್ಟೆಯ ಒಂದು ಪದರ ಇರಬೇಕು. ಇಂಥ ನಾಲ್ಕೈದು ಹಲಗೆಗಳನ್ನು ಮೊದಲು ಮೂಲೆಗಳಿಗೆ, ಆಮೇಲೆ ಗೋಡೆಗಳಿಗೆ ಇಡುವುದು ಕ್ರಮ.

ಇಷ್ಟೂ ಆಗದಿದ್ದರೆ ಕರಿ ಕಂಬಳಿ ಇದೆ. ಕುರುಬರು ನೇಯ್ದ ಒರಟು ಉಣ್ಣೆಯ ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಗ್ಗದ ಮೇಲೆ ಗೋಡೆಯಿಂದ ಅರ್ಧ ಅಡಿ ಬಿಟ್ಟು ತೂಗುಹಾಕಬೇಕು. ಎಲ್ಲಿ ಎಂಬುದೇ ಮುಖ್ಯ. ಹೆಚ್ಚಿನವರು ಮೈಕಿನ ಹಿಂದೆ ಹಾಕುತ್ತಾರೆ. ಕಾರ್ಡಿಯಾಯ್ಡ್ ಮೈಕಿನ ಕಿವಿ ಮುಂದಕ್ಕಿರುತ್ತದೆ, ಅದು ಗಾಯಕರನ್ನೂ ಅವರ ಬೆನ್ನ ಹಿಂದಿನ ಗೋಡೆಯನ್ನೂ ಒಟ್ಟಿಗೆ ಕೇಳಿಸಿಕೊಳ್ಳುತ್ತದೆ. ಕಂಬಳಿಯ ಜಾಗ ಗಾಯಕರ ಬೆನ್ನ ಹಿಂದೆ ಮತ್ತು ಎರಡು ಪಕ್ಕಗಳಲ್ಲಿ. ನೆಲಕ್ಕೆ ಜಮಖಾನ, ಪಕ್ಕದಲ್ಲಿ ಸುರುಳಿ ಸುತ್ತಿದ ಹತ್ತಿಯ ಹಾಸಿಗೆ ಇದ್ದರೆ ಮಾತಿನ ಮಟ್ಟದ ದನಿಗೆ ಸಾಲುತ್ತದೆ.

ಒಂದು ಗೊಂದಲ ಎಲ್ಲ ಕಡೆಯೂ ಕಾಣುತ್ತದೆ. ಕಂಬಳಿ, ರಾಕ್‌ವುಲ್ ಒಳಗಿನ ಮಾರ್ದನಿಯನ್ನು ತಗ್ಗಿಸುತ್ತವೆಯೇ ಹೊರತು ಹೊರಗಿನ ಸದ್ದನ್ನು ತಡೆಯುವುದಿಲ್ಲ. ತಡೆಯಲು ಬೇಕಾದದ್ದು ತೂಕ: ದಪ್ಪ ಗೋಡೆ, ಭಾರದ ಬಾಗಿಲು, ಸಂದಿಲ್ಲದ ಚೌಕಟ್ಟು. ಗೋಡೆಯ ತೂಕ ಎರಡು ಪಟ್ಟಾದರೆ ಸುಮಾರು 6 ಡೆಸಿಬೆಲ್ ತಡೆ ಹೆಚ್ಚುತ್ತದೆ, ಬಾಗಿಲ ಕೆಳಗಿನ ಅರ್ಧ ಇಂಚಿನ ಸಂದು ಅದನ್ನೆಲ್ಲ ನೀರುಪಾಲು ಮಾಡುತ್ತದೆ. ಬಡ ಸ್ಟುಡಿಯೋಗೆ ಗೋಡೆ ಕಟ್ಟುವುದಕ್ಕಿಂತ ಹೊತ್ತು ನೋಡುವುದು ಅಗ್ಗ.

ಹೊತ್ತು

ಕಾಫಿ ಸೀಮೆಯ ವರ್ಷಕ್ಕೆ ತನ್ನದೇ ಸದ್ದಿನ ಪಂಚಾಂಗವಿದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ, ಕಪ್ಪೆ, ಸೂರಿನಿಂದ ಬೀಳುವ ನೀರು. ನವೆಂಬರಿನಿಂದ ಹಣ್ಣು ಕೊಯ್ಲು ಶುರುವಾದರೆ ಹಗಲೆಲ್ಲ ಪಲ್ಪರ್ ಯಂತ್ರ, ಜೀಪು, ಕಣದಲ್ಲಿ ಕಾಫಿ ಹರಡುವ ಗಲಾಟೆ. ಫೆಬ್ರುವರಿ–ಮಾರ್ಚಿನಲ್ಲಿ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುತ್ತಾರೆ, ಕೆರೆ ದಂಡೆಯ ಡೀಸೆಲ್ ಎಂಜಿನ್ ಹಗಲು ರಾತ್ರಿ ಓಡುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಜೀರುಂಡೆ. ಅದರ ಕೂಗು ಕಿಲೋಹರ್ಟ್ಸ್‌ಗಳ ಎತ್ತರದಲ್ಲಿರುವುದರಿಂದ 'ಸ', 'ಶ' ಅಕ್ಷರಗಳ ಜಾಗಕ್ಕೇ ಬಂದು ಕೂರುತ್ತದೆ. ಆಮೇಲೆ ಫಿಲ್ಟರ್ ಹಾಕಿ ತೆಗೆಯಲು ಹೋದರೆ ಹಾಡಿನ ಸ್ಪಷ್ಟತೆಯೂ ಜೊತೆಗೆ ಹೋಗುತ್ತದೆ. ಜೀರುಂಡೆಯ ಸದ್ದು ಮುದ್ರಣಕ್ಕೆ ಬೀಳದಂತೆ ನೋಡಿಕೊಳ್ಳಬಹುದು, ಬಿದ್ದ ಮೇಲೆ ಬಿಡಿಸಲಾಗದು.

ಡಿಸೆಂಬರ್–ಜನವರಿಯ ರಾತ್ರಿಗಳು ಈ ಊರುಗಳಲ್ಲಿ ಅತ್ಯುತ್ತಮ. ಒಣ ಹವೆ, ಚಳಿಗೆ ಕೀಟಗಳ ಸದ್ದು ಕಡಿಮೆ, ಪಲ್ಪರ್ ನಿಂತಿರುತ್ತದೆ. ಹೆದ್ದಾರಿ 75ರ ಘಾಟಿ ಲಾರಿಗಳು ಮತ್ತು ಹಾಸನ–ಮಂಗಳೂರು ರೈಲು ಮಾತ್ರ ಹೊತ್ತುಗೊತ್ತು ನೋಡುವುದಿಲ್ಲ. ರೈಲಿನ ತಗ್ಗು ಸದ್ದು ಕಿವಿಗೆ ಕೇಳದಷ್ಟು ದೂರದಲ್ಲೂ ಸ್ಟ್ಯಾಂಡಿನ ಮೂಲಕ ಮೈಕಿಗೆ ಹತ್ತುವುದುಂಟು, 80 ಹರ್ಟ್ಸ್‌ನ ಹೈಪಾಸ್ ಫಿಲ್ಟರ್ ಹಾಕಿಟ್ಟರೆ ಬಹುಮಟ್ಟಿಗೆ ಪಾರು. ರಾತ್ರಿಯ ಅಡಚಣೆ ಬೇರೆ ತರಹದ್ದು. 2014ರಲ್ಲಿ ಆಲೂರು ಭಾಗದಿಂದ 22 ಕಾಡಾನೆಗಳನ್ನು ಹಿಡಿದು ಸಾಗಿಸಿದ ಮೇಲೂ ಇಲ್ಲಿನ ತೋಟಗಳಲ್ಲಿ ಆನೆ ಕಾಟ ನಿಂತಿಲ್ಲ. ಮೃದಂಗ ನುಡಿಸುವವರನ್ನು ಹತ್ತು ಗಂಟೆಗೆ ಬೈಕಿನಲ್ಲಿ ವಾಪಸ್ ಕಳಿಸುವ ಹಾಗಿಲ್ಲ. ಸಂಜೆಯೇ ಬಂದು, ಊಟ ಮಾಡಿ, ಮುದ್ರಿಸಿ, ಅಲ್ಲೇ ಮಲಗಿ ಬೆಳಿಗ್ಗೆ ಹೊರಡುವಂತೆ ಏರ್ಪಾಡು ಮಾಡಿಕೊಳ್ಳಬೇಕಾಗುತ್ತದೆ.

ಹೀಗೆ ನೋಡಿದರೆ ಹೆಂಚಿನ ಮನೆ, ಮೋಲ್ಡ್ ಮನೆಗಳ ಜಗಳಕ್ಕೂ ಒಂದು ತೀರ್ಮಾನ ಸಿಗುತ್ತದೆ. ಎರಡೂ ಇರುವ ಕುಟುಂಬಗಳು ಈ ಕಡೆ ಅಪರೂಪವಲ್ಲ. ಒಣಗಾಲದಲ್ಲಿ ಹಾಡು, ವೀಣೆ, ಮೇಳಗಳಿಗೆ ಹಳೆಯ ಪಡಸಾಲೆ. ಮಳೆಗಾಲದಲ್ಲಿ ಮೋಲ್ಡ್ ಕೋಣೆಯೊಳಗೆ ಎಡಿಟಿಂಗ್, ಮಿಕ್ಸಿಂಗ್, ಕೀಬೋರ್ಡ್ ಹಾಗೂ ನೇರ ಕೇಬಲಿನಿಂದ ಮುದ್ರಿಸಬಹುದಾದ ವಾದ್ಯಗಳು.

ತೇವ ಮತ್ತು ಕರೆಂಟು

ಮಳೆಗಾಲದ ತೇವ ಮೊದಲು ತಿನ್ನುವುದು ಕಂಡೆನ್ಸರ್ ಮೈಕನ್ನು. ಅದರ ತೆಳುಪೊರೆಗೂ ಹಿಂದಿನ ತಟ್ಟೆಗೂ ನಡುವಿನ ಸಂದು ಕೂದಲೆಳೆಯಷ್ಟು, ಅಲ್ಲಿ ವಿದ್ಯುದಾವೇಶ ನಿಂತಿರಬೇಕು. ತೇವ ಹೊಕ್ಕರೆ ಆವೇಶ ಸೋರುತ್ತದೆ, ಮುದ್ರಣದಲ್ಲಿ ಅವಲಕ್ಕಿ ಹುರಿದಂಥ ಚಟಪಟ ಕೇಳುತ್ತದೆ. ಕೆಟ್ಟಿತೆಂದು ಎಸೆಯುವ ಮೊದಲು ಮೈಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಎರಡು ದಿನ ಇಟ್ಟು ನೋಡಬೇಕು, ಎಷ್ಟೋ ಸಲ ಸರಿಹೋಗುತ್ತದೆ. ಮಲೆನಾಡಿನ ಮನೆಗಳಲ್ಲಿ ಕ್ಯಾಮೆರಾ, ಹಾರ್ಮೋನಿಯಂಗಳಿಗೆ ಬೂಸಲು ಬಾರದಂತೆ ಕಪಾಟಿನೊಳಗೆ ಸಣ್ಣ ಬುರುಡೆ ಬಲ್ಬು ಉರಿಸಿಡುವ ಹಳೆಯ ಉಪಾಯವೂ ನಡೆಯುತ್ತದೆ. ಒಲೆಯ ಮೇಲಿನ ಅಟ್ಟ ಎಷ್ಟೇ ಬೆಚ್ಚಗಿದ್ದರೂ ಮೈಕಿನ ಜಾಗವಲ್ಲ, ಹೊಗೆಯ ಮಸಿ ಪೊರೆಗೆ ಅಂಟಿದರೆ ಬಿಡದು. ಡೈನಾಮಿಕ್ ಮೈಕ್ ಈ ವಿಷಯದಲ್ಲಿ ಗಟ್ಟಿ. 1960ರ ದಶಕದಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ57, ಎಸ್‌ಎಂ58 ಇಂದಿಗೂ ಬಳಕೆಯಲ್ಲಿರಲು ಅವು ಏಟು, ಬೆವರು, ತೇವ ಎಲ್ಲ ತಡೆಯುವುದೂ ಒಂದು ಕಾರಣ.

ಕರೆಂಟಿನ ಕಾಟ 50 ಹರ್ಟ್ಸ್‌ನ ಗುಂಯ್ ಎಂಬ ಸದ್ದಾಗಿ ಬರುತ್ತದೆ, ಅದರ ಜೊತೆ 100, 150ರ ಗುಣಕಗಳೂ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಮನೆ ಇನ್ವರ್ಟರಿನ ಮೇಲೆ ಬದುಕುತ್ತದೆ. ಅಗ್ಗದ ಇನ್ವರ್ಟರುಗಳ ಅಲೆ ಚೌಕಾಕಾರದ್ದು, ಅದರ ಕೊರೆತ ಕೇಬಲಿಗೆ ಹತ್ತುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದರೆ ಒಳ್ಳೆಯದು. ಇನ್ನೂ ಸುಲಭದ ದಾರಿ ಎಂದರೆ ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಅದರ ಬ್ಯಾಟರಿಯ ಮೇಲೇ ಓಡಿಸುವುದು. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಇಂಟರ್ಫೇಸ್ ಆದರೆ ಮನೆಯ ವೈರಿಂಗಿನ ಸಂಬಂಧವೇ ಕಡಿದುಹೋಗುತ್ತದೆ. ಫ್ಯಾನಿನ ರೆಗ್ಯುಲೇಟರ್, ಕೆಲವು ಎಲ್‌ಇಡಿ ಬಲ್ಬು ಮತ್ತು ಫ್ರಿಜ್ಜು ಕೂಡ ಸದ್ದು ಸೇರಿಸುತ್ತವೆ. ಮುದ್ರಣದ ಹೊತ್ತು ಫ್ರಿಜ್ ಆರಿಸಿದರೆ ಅದರೊಳಗೆ ಬೈಕಿನ ಕೀ ಇಡುವ ಜಾಣರಿದ್ದಾರೆ, ಹೊರಡುವಾಗ ಫ್ರಿಜ್ ಹಾಕಲು ಮರೆಯದಂತೆ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹುಯ್ಯಬೇಕು, ಮಣ್ಣು ಒಣಗಿದರೆ ಅರ್ಥ್ ಸಿಗುವುದಿಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಪ್ಲಗ್ಗುಗಳನ್ನು ಕಿತ್ತಿಡುವುದು ಕಡ್ಡಾಯ, ಸ್ವಿಚ್ ಆರಿಸಿದರಷ್ಟೇ ಸಿಡಿಲು ಬಿಡುವುದಿಲ್ಲ.

ಮೈಕು, ಅಂತರ, ವಾದ್ಯ

ಗೋಡೆ, ಸೀಲಿಂಗುಗಳ ಗೊಡವೆಯಿಲ್ಲದ ಬಯಲಿನಲ್ಲಿ ಅಂತರ ಎರಡು ಪಟ್ಟಾದರೆ ನೇರ ದನಿ 6 ಡೆಸಿಬೆಲ್ ಇಳಿಯುತ್ತದೆ. ಕೋಣೆಯ ಮಾರ್ದನಿ ಮಾತ್ರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಅಂದರೆ ಬಾಯಿಯನ್ನು 60 ಸೆಂ.ಮೀ.ನಿಂದ 15 ಸೆಂ.ಮೀ.ಗೆ ತಂದರೆ ಗೋಡೆಯ ಎದುರು ಹಾಡಿಗೆ 12 ಡೆಸಿಬೆಲ್ ಮುಂಗಡ ಸಿಕ್ಕಿದಂತೆ. 'ಡೈನಾಮಿಕ್ ಮೈಕ್ ಕೋಣೆಯ ಸದ್ದು ಕೇಳುವುದಿಲ್ಲ' ಎಂಬ ಮಾತಿನ ಗುಟ್ಟೂ ಇಷ್ಟೇ. ಅದನ್ನು ತುಟಿಗೆ ಹತ್ತಿರ ಹಿಡಿಯುವುದು ರೂಢಿ, ಕಂಡೆನ್ಸರನ್ನು ದೂರ ಇಡುವುದು ರೂಢಿ. ಒಂದೇ ಅಂತರದಲ್ಲಿ, ಒಂದೇ ದಿಕ್ಕಿನ ಎರಡು ಮೈಕ್ ಇಟ್ಟು ಹೋಲಿಸಿದರೆ ಕೋಣೆಯ ಪಾಲು ಎರಡರಲ್ಲೂ ಬಹುಪಾಲು ಸಮ. ತೀರಾ ಹತ್ತಿರವಾದರೆ ಕಾರ್ಡಿಯಾಯ್ಡ್ ಮೈಕಿನಲ್ಲಿ ತಗ್ಗು ಸ್ವರ ಉಬ್ಬುತ್ತದೆ, ಹೆಣ್ಣು ದನಿಗೆ ಸ್ವಲ್ಪ ಉಬ್ಬು ಚೆಂದ, ಗಂಡು ದನಿ ಕೊಡದೊಳಗೆ ಹಾಡಿದಂತಾಗುತ್ತದೆ. ಒಂದು ಗೇಣು ಅಂತರ ಹೆಚ್ಚಿನವರಿಗೆ ಸರಿಹೊಂದುತ್ತದೆ.

ಕನ್ನಡ ಹಾಡಿಗೆ ಪಾಪ್ ಫಿಲ್ಟರ್ ಹೆಚ್ಚು ಬೇಕು. 'ಪ', 'ಬ'ಗಳ ಜೊತೆ 'ಫ', 'ಭ' ಎಂಬ ಮಹಾಪ್ರಾಣಗಳಿವೆ, 'ಭಾಗ್ಯ' ಎಂದು ತುಂಬಿ ಹಾಡುವಾಗ ಉಸಿರಿನ ಗಾಳಿ ಪೊರೆಗೆ ಬಡಿಯುತ್ತದೆ. ಮೈಕನ್ನು ಬಾಯಿಯ ನೇರಕ್ಕೆ ಇಡದೆ ಮೂಗಿನ ಎತ್ತರದಿಂದ ಸ್ವಲ್ಪ ಪಕ್ಕಕ್ಕೆ ಓರೆಯಾಗಿಟ್ಟರೆ ಅರ್ಧ ಬಾಧೆ ತಪ್ಪುತ್ತದೆ.

ಮೃದಂಗದ ಕಷ್ಟ ಮೈಕಿಗಿಂತ ಮೊದಲು ಹವೆಯದು. ತೇವದಲ್ಲಿ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಕಲಾವಿದರು ಬಂದು ಶ್ರುತಿ ಮಾಡಿಕೊಂಡು, ಎಡಗಡೆಯ ತೊಪ್ಪಿಗೆ ರವೆಯ ಹಿಟ್ಟು ಹಚ್ಚಿ, ಕೋಣೆಯ ಹವೆಗೆ ವಾದ್ಯ ಒಗ್ಗುವವರೆಗೆ ಅರ್ಧ ಗಂಟೆ ಬಿಡಬೇಕು. ಮುದ್ರಣದ ನಡುವೆ ಕಿಟಕಿ ತೆರೆದು ಮುಚ್ಚಿದರೂ ಶ್ರುತಿ ಅಲುಗುತ್ತದೆ. ಎರಡು ಮೈಕ್ ಇದ್ದರೆ ಬಲದ ಕರಣೆಯ ಕಡೆಗೊಂದು, ಎಡದ ಕಡೆಗೊಂದು, ಒಂದು ಗೇಣಿನಿಂದ ಒಂದೂವರೆ ಗೇಣು ದೂರ. ಎರಡು ಮುಖಗಳ ಪೊರೆ ಎದುರು ದಿಕ್ಕಿಗೆ ಚಲಿಸುವುದರಿಂದ ಒಂದು ಮೈಕಿನ ಪೊಲಾರಿಟಿ ತಿರುಗಿಸಿ ಕೇಳಿ, ಯಾವುದರಲ್ಲಿ ತೊಪ್ಪಿಯ ಗುಮುಕಿ ನಾದ ತುಂಬಿ ಬರುತ್ತದೋ ಅದನ್ನು ಉಳಿಸಿಕೊಳ್ಳುವುದು. ಒಂದೇ ಮೈಕ್ ಇದ್ದರೆ ಕಲಾವಿದರ ಮೊಣಕಾಲಿನ ಮುಂದೆ, ಎರಡು ಮುಖಗಳನ್ನೂ ನೋಡುವಂತೆ ಎರಡಡಿ ದೂರ. ತಂಬೂರಿಯನ್ನು ಅದೇ ಕೋಣೆಯಲ್ಲಿ ನುಡಿಸಿ ಎಲ್ಲ ಮೈಕಿಗೂ ಸೋರಿಸುವುದಕ್ಕಿಂತ ಬೆಂಗಳೂರಿನ ರಾಡೆಲ್ ಪೆಟ್ಟಿಗೆಯಂಥ ಎಲೆಕ್ಟ್ರಾನಿಕ್ ತಂಬೂರಿಯನ್ನು ಹೆಡ್‌ಫೋನಿಗೆ ಕೊಟ್ಟು, ನಿಜವಾದ ತಂಬೂರಿಯನ್ನು ಬೇರೆ ಜಾಡಿನಲ್ಲಿ ಮುದ್ರಿಸುವುದು ಲೇಸು. ವೀಣೆಗೆ ಪಿಕಪ್ ಸುಲಭ, ಆದರೆ ಹಲಸಿನ ಕೊಡದ ನಾದ ಬೇಕೆಂದರೆ ಮೈಕೇ ಗತಿ.

ಸೋಬಾನೆ, ಸುಗ್ಗಿ

ಸೋಬಾನೆ ಹೇಳುವ ಹೆಂಗಸರನ್ನು ಬೇರೆ ಬೇರೆ ಮೈಕಿಗೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕುವುದು ಆ ಹಾಡನ್ನು ಕೆಡಿಸುವ ಖಚಿತ ದಾರಿ. ಒಬ್ಬರು ಎತ್ತಿಕೊಟ್ಟದ್ದನ್ನು ಉಳಿದವರು ಹಿಡಿದು ಸೊಲ್ಲು ಸೇರಿಸುವಾಗ ಅವರಿಗೆ ಪಕ್ಕದವರ ಉಸಿರು ಕೇಳಬೇಕು. ಅವರನ್ನು ಪಡಸಾಲೆಯಲ್ಲಿ ಅರ್ಧಚಂದ್ರಾಕಾರದಲ್ಲಿ ಚಾಪೆಯ ಮೇಲೆ ಕೂರಿಸಿ, ಎದುರಿಗೆ ಐದಾರು ಅಡಿ ದೂರದಲ್ಲಿ ಒಂದು ಜೋಡಿ ಕಂಡೆನ್ಸರ್ ಮೈಕ್ ನಿಲ್ಲಿಸಿದರೆ ಸಾಕು. ಎರಡು ಪೊರೆಗಳ ನಡುವೆ 17 ಸೆಂ.ಮೀ., ಕೋನ 110 ಡಿಗ್ರಿ: ಫ್ರೆಂಚ್ ಬಾನುಲಿಯವರು ರೂಢಿಗೆ ತಂದ ಈ ಜೋಡಣೆ ಇಂಥ ಮೇಳಕ್ಕೆ ಹೇಳಿ ಮಾಡಿಸಿದಂತಿದೆ. ದನಿ ಏರುಪೇರಾದರೆ ಗುಂಡಿ ತಿರುಗಿಸುವ ಬದಲು ಜೋರು ದನಿಯವರನ್ನು ಅರ್ಧ ಅಡಿ ಹಿಂದಕ್ಕೆ ಸರಿಸುವುದು, ಗೈಸ್‌ಬರ್ಗ್ ಕಾಲದ ಹಾಗೆ. ಎಲೆಅಡಿಕೆ ಹಾಕಿಕೊಂಡೇ ಹಾಡುವ ಅಜ್ಜಿಯರಿಗೆ ಅದನ್ನು ಉಗುಳಿ ಬನ್ನಿ ಎನ್ನುವ ಎಂಜಿನಿಯರ್ ಒಳ್ಳೆಯ ಮುದ್ರಣ ಮಾಡಲಾರ.

ಸುಗ್ಗಿ ಕುಣಿತದ ವಾದ್ಯಗಳಿಗೆ ಮನೆಯ ಕೋಣೆ ಬೇಡ. ತಮಟೆ, ಡೊಳ್ಳುಗಳ ಪೆಟ್ಟು ಸಣ್ಣ ಕೋಣೆಯಲ್ಲಿ ಎಲ್ಲವನ್ನೂ ಒಂದೇ ಗದ್ದಲ ಮಾಡುತ್ತದೆ. ಕೊಯ್ಲು ಮುಗಿದ ಕಾಫಿ ಕಣ ಅದಕ್ಕೆ ಸರಿಯಾದ ಜಾಗ. ಗಾಳಿಗೆ ಮೈಕಿನ ಮೇಲೆ ತುಪ್ಪಳದ ಟೋಪಿ, ಇಂಟರ್ಫೇಸಿನಲ್ಲಿ ಮಟ್ಟ ತಗ್ಗಿಸುವ ಪ್ಯಾಡ್, ಹತ್ತು ಹದಿನೈದು ಅಡಿ ಅಂತರ. ತಮಟೆಯವರು ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಂಡ ಕೂಡಲೇ ಮುದ್ರಿಸಬೇಕು, ಆರಿದರೆ ನಾದವೂ ಇಳಿಯುತ್ತದೆ.

ಲೆವೆಲ್, ಮಿಕ್ಸಿಂಗ್

ಟೇಪಿನ ಕಾಲದಲ್ಲಿ ಮುಳ್ಳು ಕೆಂಪಿನ ಹತ್ತಿರ ಓಡಬೇಕಿತ್ತು, ಇಲ್ಲದಿದ್ದರೆ ಟೇಪಿನ ಹಿಸ್ ಮೇಲೆ ಬರುತ್ತಿತ್ತು. 24 ಬಿಟ್ ಮುದ್ರಣದಲ್ಲಿ ಲೆಕ್ಕದ ಪ್ರಕಾರ 144 ಡೆಸಿಬೆಲ್ ಹರವು ಇದೆ, 16 ಬಿಟ್‌ನಲ್ಲಿ 96. ಹೀಗಾಗಿ ಸರಾಸರಿ ಮೈನಸ್ 18 ಡೆಸಿಬೆಲ್ಲಿನ ಆಸುಪಾಸಿನಲ್ಲಿ, ಏರು ಸ್ವರಗಳು ಮೈನಸ್ 10 ದಾಟದಂತೆ ಇಟ್ಟುಕೊಂಡರೆ ನಷ್ಟವಿಲ್ಲ. ಸೊನ್ನೆ ಮುಟ್ಟಿದ ಸ್ವರ ಒಡೆದೇ ಹೋಗುತ್ತದೆ. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಜಾಡು ನಿಮಿಷಕ್ಕೆ ಸುಮಾರು 8.6 ಎಂಬಿ ತಿನ್ನುತ್ತದೆ. ಹತ್ತು ಜಾಡಿನ ಐದು ನಿಮಿಷದ ಹಾಡು 430 ಎಂಬಿ ದಾಟುತ್ತದೆ, ಸಿಗ್ನಲ್ ಸಿಗಲು ಗುಡ್ಡ ಹತ್ತಬೇಕಾದ ಕಡೆ ಇದನ್ನು ಪೆನ್‌ಡ್ರೈವಿನಲ್ಲಿ ಹಾಸನಕ್ಕೆ ಬಸ್ಸಿಗೆ ಕಳಿಸುವುದೇ ಬೇಗ. ಹಾಡುವವರಿಗೆ ತಮ್ಮ ದನಿ ತಡವಾಗಿ ಕೇಳಿದರೆ ಲಯ ತಪ್ಪುತ್ತದೆ. ತಂತ್ರಾಂಶದ ಬಫರನ್ನು 128 ಸ್ಯಾಂಪಲ್‌ಗೆ ಇಳಿಸಿದರೆ ಅದರ ಪಾಲಿನ ವಿಳಂಬ 2.7 ಮಿಲಿಸೆಕೆಂಡ್. ಹಳೆಯ ಲ್ಯಾಪ್‌ಟಾಪ್ ಅದಕ್ಕೆ ಒಗ್ಗದಿದ್ದರೆ ಇಂಟರ್ಫೇಸಿನ ಡೈರೆಕ್ಟ್ ಮಾನಿಟರ್ ಗುಂಡಿ ಒತ್ತಿದರಾಯಿತು. ತಂತ್ರಾಂಶಕ್ಕೆ ಹಣ ಸುರಿಯುವ ಅಗತ್ಯವಿಲ್ಲ, ಆಡಾಸಿಟಿ ಉಚಿತ, ರೀಪರ್ ಅಗ್ಗ.

ಪ್ರತಿ ಮುದ್ರಣಕ್ಕೂ ಮೊದಲು ಎಲ್ಲರೂ ಉಸಿರು ಬಿಗಿಹಿಡಿದು ಕೂತ ಹತ್ತು ಸೆಕೆಂಡಿನ ಮೌನವನ್ನು ಮುದ್ರಿಸಿಡುವುದು ಒಳ್ಳೆಯ ಚಾಳಿ. ಕೋಣೆಯಲ್ಲಿ ಏನು ಗುಂಯ್ಗುಡುತ್ತಿದೆ ಎಂದು ಆಗಲೇ ಗೊತ್ತಾಗುತ್ತದೆ.

ಮಿಕ್ಸಿಂಗಿನಲ್ಲಿ ಹೊಸಬರು ಮಾಡುವುದು ಹೆಚ್ಚು, ಮಾಡಬೇಕಾದದ್ದು ಕಡಿಮೆ. ರಿವರ್ಬ್ ಸುರಿದು ಭಾವಗೀತೆಯನ್ನು ದೇವಸ್ಥಾನದ ಮೈಕಾಸುರನನ್ನಾಗಿ ಮಾಡುವುದು ಈ ಕಡೆಯ ದೊಡ್ಡ ರೋಗ. ಸಂಸ್ಕರಿಸದ ಚೌಕ ಕೋಣೆಯಲ್ಲಿ ಸ್ಪೀಕರಿನ ಮಾತು ನಂಬಲಾಗದು, ತಗ್ಗು ಸ್ವರದ ತೀರ್ಮಾನಕ್ಕೆ ಹಿಂಬದಿ ತೆರೆದ ಹೆಡ್‌ಫೋನ್ ವಾಸಿ. ಆಮೇಲೆ ಜೀಪಿನಲ್ಲಿ, ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಬೇಕು. ಫೋನಿನಲ್ಲಿ ಮೃದಂಗದ ತೊಪ್ಪಿ ಮಾಯವಾಗುತ್ತದೆ. ಅದಕ್ಕೆ ತಗ್ಗನ್ನು ಏರಿಸಿ ಪ್ರಯೋಜನವಿಲ್ಲ, ಅದರ ಮಧ್ಯಮ ಸ್ವರಗಳನ್ನು ತುಸು ಮುಂದೆ ತರಬೇಕು. ಕೊನೆಯ ಜೋರಿನ ವಿಷಯದಲ್ಲಿ ಪೈಪೋಟಿಗೆ ಅರ್ಥವಿಲ್ಲ: ಸ್ಪಾಟಿಫೈ ಹಾಡುಗಳನ್ನು ಕೇಳುವ ಜೋರಿನ ಅಳತೆಯಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದು ನುಡಿಸುತ್ತದೆ, ಯೂಟ್ಯೂಬ್ ಕೂಡ ಅತಿಜೋರಿನದನ್ನು ತಗ್ಗಿಸುತ್ತದೆ.

ಹಕ್ಕು ಮತ್ತು ದಾಖಲೆ

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕವಿಯ ಹಕ್ಕು ಅವರು ತೀರಿಕೊಂಡ ವರ್ಷದ ಮುಂದಿನಿಂದ 60 ವರ್ಷ ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರವಕ್ಕೆ 2054ರ ಕೊನೆಯವರೆಗೆ ಅನುಮತಿ ಬೇಕು. ಶಿಶುನಾಳ ಷರೀಫರು 1889ರಲ್ಲೇ ತೀರಿಕೊಂಡವರು, ಪದಗಳು ಎಲ್ಲರವು. ಆದರೆ ಆ ಪದಕ್ಕೆ ಸಿ. ಅಶ್ವತ್ಥ್ ಹಾಕಿದ ಮಟ್ಟನ್ನೇ ಹಾಡಿದರೆ ಮಟ್ಟಿನ ಹಕ್ಕು ಬೇರೆ, ಕ್ಯಾಸೆಟ್ ಕಂಪನಿಯ ಟ್ರ್ಯಾಕ್ ಬಳಸಿದರೆ ಮುದ್ರಣದ ಹಕ್ಕು ಇನ್ನೂ ಬೇರೆ. ಮನೆಯಲ್ಲಿ ಮುದ್ರಿಸಿ ಯೂಟ್ಯೂಬಿಗೆ ಏರಿಸಿದ ಹಾಡು ಮರುದಿನ ಮೂಕವಾಗುವುದಕ್ಕೆ ಸಾಮಾನ್ಯ ಕಾರಣ ಈ ಮೂರನೆಯದು. ಜನಪದ ಗೀತೆಯ ಪದಕ್ಕೆ ಒಡೆಯರಿಲ್ಲದಿದ್ದರೂ ಅದನ್ನು ಹಾಡಿದವರಿಗೆ ತಮ್ಮ ಪ್ರಸ್ತುತಿಯ ಮೇಲೆ 50 ವರ್ಷದ ಹಕ್ಕಿದೆ. ಪ್ರಕಟಿಸುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು, ಮೈಕಿನ ಮುಂದೆಯೇ ಹೇಳಿಸಿ ಮುದ್ರಿಸಿಕೊಂಡರೂ ಆದೀತು.

ಎಚ್.ಎಲ್. ನಾಗೇಗೌಡರು 1979ರಲ್ಲಿ ಸ್ಥಾಪಿಸಿದ ಕರ್ನಾಟಕ ಜಾನಪದ ಪರಿಷತ್ತು ರಾಮನಗರದ ಜಾನಪದ ಲೋಕದಲ್ಲಿ ಕಾಪಿಟ್ಟಿರುವ ಧ್ವನಿಮುದ್ರಣಗಳಿಗೆ ಬೆಲೆ ಬಂದಿರುವುದು ಯಾರು, ಎಲ್ಲಿ ಹಾಡಿದರು ಎಂಬ ವಿವರ ಜೊತೆಗಿರುವುದರಿಂದಲೂ ಹೌದು. ಮನೆ ಸ್ಟುಡಿಯೋದ ಕಡತಗಳು ಮಾತ್ರ 'ಆಡಿಯೋ 1', 'ಹೊಸದು', 'ಫೈನಲ್', 'ಫೈನಲ್ 2' ಎಂಬ ಹೆಸರಿನಲ್ಲಿ ಕೊಳೆಯುತ್ತವೆ. ಹಾಡಿದವರ ಹೆಸರು, ಊರು, ದಿನಾಂಕ, ಹಾಡಿನ ಮೊದಲ ಪದ ಇಷ್ಟನ್ನು ಕಡತದ ಹೆಸರಿನಲ್ಲೇ ಬರೆದು, ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನ ನೆಂಟರ ಮನೆಯಲ್ಲಿ ಇಟ್ಟರೆ ಸಿಡಿಲು, ಬೂಸಲು ಎರಡರಿಂದಲೂ ಉಳಿಯುತ್ತದೆ. ಹಾರ್ಡ್ ಡಿಸ್ಕನ್ನು ಮೈಕಿನ ಸಿಲಿಕಾ ಜೆಲ್ ಡಬ್ಬಿಯಲ್ಲೇ ಇಡಬಹುದು.